ಸೀಟಿ ಊದುವವರು ಯಾರು?

ನಮ್ಮ ಸೀಮೆಯಲ್ಲಿ ಕಬಡ್ಡಿ ಆಡುವವರಿಗೆ ಎಂದೂ ಬರಗಾಲ ಬಂದಿಲ್ಲ. ರೋಣದ ಎರೆಹೊಲಗಳ ನಡುವೆ ಹುಟ್ಟಿದವನಾಗಲಿ, ನರಗುಂದದ ಗುಡ್ಡದ ಬುಡದಲ್ಲಿ ಬೆಳೆದವನಾಗಲಿ, ಗಜೇಂದ್ರಗಡದ ನೇಕಾರರ ಓಣಿಯ ಹುಡುಗನಾಗಲಿ, ನಾಲ್ಕು ಗೆರೆ ಎಳೆಯುವಷ್ಟು ಜಾಗ ಕಂಡರೆ ಸಾಕು, ಅಂಗಿ ಕಳಚಿ ನಿಂತುಬಿಡುತ್ತಾನೆ. ನಮ್ಮ ಅಜ್ಜಂದಿರು ಇದನ್ನೇ ಹುತುತು ಎಂದು ಆಡಿದರು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಕ್ಕೆ ಪದಕದ ಮರ್ಯಾದೆ ದೊರೆಯಿತು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲಂತೂ ಚಿಕ್ಕ ಮಕ್ಕಳು ಕೂಡ ತೊಡೆ ತಟ್ಟುವುದನ್ನು ಟೆಲಿವಿಷನ್ ನೋಡಿಯೇ ಕಲಿತಿದ್ದಾರೆ. ಹೀಗಿರಲಾಗಿ ಆಟಗಾರರ ವಿಷಯದಲ್ಲಿ ನಾನು ಹೊಸತಾಗಿ ಹೇಳಬೇಕಾದುದೇನೂ ಇಲ್ಲ. ಆದರೆ ಆ ಆಟವನ್ನು ನಡೆಸಿಕೊಡುವವರು ಯಾರು, ಅವರು ಎಷ್ಟು ಜನ ಇದ್ದಾರೆ, ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ, ಎಂಬ ಪ್ರಶ್ನೆಯನ್ನು ನಮ್ಮ ಕಾಲೇಜಿನ ವಿದ್ಯಾರ್ಥಿ ಬಂಧುಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ನಿಯಮದ ಪ್ರಕಾರ ಒಂದು ಕಬಡ್ಡಿ ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರರು, ಒಬ್ಬ ಅಂಕ ಬರೆಯುವವ, ಅವನಿಗೆ ಇಬ್ಬರು ಸಹಾಯಕರು, ಅಂತೂ 6 ಜನ ಬೇಕು. ನಮ್ಮ ಊರುಗಳ ಪಂದ್ಯಾವಳಿಗಳಲ್ಲಿ ಎಷ್ಟು ಜನ ಇರುತ್ತಾರೆ? ಒಬ್ಬರು ಇದ್ದರೆ ಅದೇ ಪುಣ್ಯ. ಆ ಒಬ್ಬರು ನೋಡಬೇಕಾದುದನ್ನು ಒಮ್ಮೆ ಲೆಕ್ಕ ಹಾಕಿರಿ. ದಾಳಿಗೆ ಹೋದವನ ಬಾಯಲ್ಲಿ 'ಕಬಡ್ಡಿ' ಶಬ್ದ ಕಡಿಯದೆ ನಡೆಯುತ್ತಿದೆಯೇ, ಅವನು ಬಾಕ್ ಗೆರೆ ದಾಟಿದನೇ, ಎದುರಿಗೆ 6 ಜನ ಇರುವಾಗ ಬೋನಸ್ ಗೆರೆಯ ಆಚೆ ಕಾಲಿಟ್ಟನೇ, ಆಗ ಅವನ ಇನ್ನೊಂದು ಕಾಲು ನೆಲ ಬಿಟ್ಟಿತ್ತೇ, ಮೂಲೆಯವನ ಬೆರಳು ಅವನಿಗೆ ತಾಗಿತೇ, ಹಿಡಿಯಲು ಹೋದವನು ಅಂಕಣದ ಹೊರಗೆ ಕಾಲಿಟ್ಟನೇ, 30 ಸೆಕೆಂಡು ತುಂಬಿದವೇ. ಇಷ್ಟನ್ನೂ ಎರಡೇ ಕಣ್ಣುಗಳು ಧೂಳಿನಲ್ಲಿ, ಜನ ಗೆರೆಯ ಮೇಲೆಯೇ ಬಂದು ಕುಳಿತಿರುವಾಗ, ನೋಡಬೇಕು. ಖೋಖೋದಲ್ಲಿ ಇಬ್ಬರು ಅಂಪೈರರು ಇದ್ದರೂ ತಪ್ಪುಗಳು ಜಾರಿಹೋಗುತ್ತವೆ ಎಂದು ಆಡಿದವರು ಬಲ್ಲರು. ಅಲ್ಲಿಯೂ ನಮ್ಮಲ್ಲಿ ಒಬ್ಬರೇ.

ಇನ್ನು ವೇಳಾಪಟ್ಟಿಯ ಮಾತು. ಒಂದು ಊರಿನಲ್ಲಿ 16 ತಂಡಗಳು ಹೆಸರು ಕೊಟ್ಟವು ಎಂದು ಇಟ್ಟುಕೊಳ್ಳೋಣ. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ 15 ಪಂದ್ಯಗಳಾಗಬೇಕು. ಗಂಡಸರ ಪಂದ್ಯವೆಂದರೆ 20 ನಿಮಿಷದ ಎರಡು ಅರ್ಧ, ನಡುವೆ 5 ನಿಮಿಷ ವಿಶ್ರಾಂತಿ, ಒಟ್ಟು 45 ನಿಮಿಷ. 15 ಪಂದ್ಯಗಳಿಗೆ 675 ನಿಮಿಷ, ಅಂದರೆ 11 ತಾಸು 15 ನಿಮಿಷ. ಒಂದು ಪಂದ್ಯ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಹೊತ್ತು ಇದರಲ್ಲಿ ಸೇರಿಲ್ಲ. ಸನ್ಮಾನ, ಹಾರ, ಭಾಷಣಗಳೂ ಸೇರಿಲ್ಲ. ಮುಂಜಾನೆ 9 ಗಂಟೆಗೆ ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಮುಖ್ಯ ಅತಿಥಿಗಳು ಬಂದು ಟೆಂಗಿನಕಾಯಿ ಒಡೆಯುವಾಗ 12 ಆಗಿರುತ್ತದೆ. ಆಮೇಲೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. 20 ನಿಮಿಷದ ಅರ್ಧ 10ಕ್ಕೆ ಇಳಿಯುತ್ತದೆ, ಸಂಜೆಗೆ 7ಕ್ಕೆ ಇಳಿಯುತ್ತದೆ. ಕೊನೆಯವರೆಗೆ ಉಳಿದ ತಂಡ ಒಂದೇ ದಿನ 4 ಪಂದ್ಯ ಆಡಿರುತ್ತದೆ. ಹುಡುಗರಾದರೂ ನಡುನಡುವೆ ನೆರಳಿಗೆ ಹೋಗಿ ಕೂಡುತ್ತಾರೆ. ಸೀಟಿ ಹಿಡಿದವನು ಮಾತ್ರ 15 ಪಂದ್ಯಗಳಿಗೂ ನಿಂತೇ ಇರುತ್ತಾನೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಅಂತಿಮ ಪಂದ್ಯಕ್ಕೆ ಅವನು ಎಲ್ಲಕ್ಕಿಂತ ಹೆಚ್ಚು ದಣಿದಿರುತ್ತಾನೆ. ಎರಡು ಅಂಕಣ ಹಾಕಿದರೆ ಹೊತ್ತು ಉಳಿಯುವುದು ನಿಜ, ಆದರೆ ಆಗ 12 ಜನ ಬೇಕು. ನಮ್ಮ ಸಂಘಟಕರು ತಂಡಗಳನ್ನು ಎಣಿಸಿ ವೇಳಾಪಟ್ಟಿ ಮಾಡುತ್ತಾರೆ, ಸೀಟಿಗಳನ್ನು ಎಣಿಸಿ ಮಾಡುವುದಿಲ್ಲ. ನನ್ನ ದೂರಿನ ಮೂಲ ಇಷ್ಟೇ.

ಇದರಿಂದ ಯಾರಿಗೆ ಹಾನಿ ಎಂದು ಕೇಳಬಹುದು. 2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ದೂರದ ಹಳ್ಳಿಯ ಹುಡುಗಿಯರ ತಂಡಗಳು ಮನೆಯವರಲ್ಲಿ ಬಸ್ಸಿನ ರೊಕ್ಕ ಬೇಡದೆ ಬರುವಂತಾಯಿತು. ಇದು ಬಹಳ ಸಂತೋಷದ ಸಂಗತಿ. ಆದರೆ ಬಸ್ಸು ಉಚಿತವಾದ ಮಾತ್ರಕ್ಕೆ ವಸತಿ ಬಸ್ಸು ತಡೆದು ನಿಲ್ಲುವುದಿಲ್ಲವಷ್ಟೆ. ಒಂದು ಕೂಟದಲ್ಲಿ ಹುಡುಗಿಯರ ಕೊನೆಯ ಪಂದ್ಯ ಹೊತ್ತು ಮುಳುಗಿದರೂ ಆರಂಭವಾಗದೆ, ಒಂದು ತಂಡ ಬಸ್ಸಿಗೆ ಹೋಗಬೇಕಾಯಿತು. ಎದುರು ತಂಡಕ್ಕೆ ಗೆಲುವು ಬರೆದರು. ಸೋತವರು ಆಡಿ ಸೋತಿರಲಿಲ್ಲ, ಗೆದ್ದವರು ಆಡಿ ಗೆದ್ದಿರಲಿಲ್ಲ. ಬಹುಮಾನ ತೆಗೆದುಕೊಂಡ ಹುಡುಗಿಯರ ಮುಖದಲ್ಲಿಯೂ ನಗೆ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕಳೆದ ವರ್ಷ ಒಂದು ಹಳ್ಳಿಯ ಜಾತ್ರೆಯ ಪಂದ್ಯಾವಳಿಗೆ ನಾನು ನೋಡಲು ಹೋಗಿದ್ದೆ. ಬರಬೇಕಾಗಿದ್ದ ರೆಫರಿ ಬರಲಿಲ್ಲ. ಕಾಲೇಜು ತಂಡದಲ್ಲಿ ಆಡಿದವನೆಂದು ನನ್ನ ಕೈಗೆ ಸೀಟಿ ಕೊಟ್ಟರು. ಆಡಲು ಬಂದವನಿಗೆ ಆಡಿಸಲೂ ಬರುತ್ತದೆ ಎಂಬ ಭ್ರಮೆ ಅವರಿಗೂ ಇತ್ತು, ನನಗೂ ಇತ್ತು. ಎರಡು ಪಂದ್ಯ ಹೇಗೋ ಸಾಗಿದವು. ಮೂರನೆಯದರಲ್ಲಿ ಆ ಊರಿನ ತಂಡಕ್ಕೂ ಹೊರಗಿನಿಂದ ಬಂದ ತಂಡಕ್ಕೂ 24-24 ಸಮ. ಕೊನೆಯ ದಾಳಿ. ಊರಿನ ಹುಡುಗ ಮೂಲೆಯವನ ಮೈ ಮುಟ್ಟಿ ತಿರುಗುವಷ್ಟರಲ್ಲಿ ಆ ಮೂಲೆಯವನೇ ಅವನ ಹಿಮ್ಮಡಿ ಹಿಡಿದ. ದಾಳಿಗಾರ ನೆಲಕ್ಕೆ ಬಿದ್ದು ಕೈ ಚಾಚಿದ. ನಡುಗೆರೆಗೆ ಇನ್ನೂ ಒಂದು ಗೇಣು ಇತ್ತು. ನಾನು ಕಣ್ಣಾರೆ ನೋಡಿದ್ದೆ, ಸೀಟಿ ಊದಿ ಔಟ್ ಎಂದು ಕೈ ತೋರಿಸಿದೆ.

"ಏ ತಮ್ಮಾ, ಕಣ್ಣಾಗ ಮಣ್ಣ ಬಿದ್ದೈತೇನ? ಗೆರಿ ಮುಟ್ಯಾನ ಅಂವಾ!" ಎಂದು ಒಬ್ಬರು ಒಳಗೆ ಬಂದರು. ಅವರ ಹಿಂದೆ ಹತ್ತು ಜನ, ಆ ಹತ್ತು ಜನರ ಹಿಂದೆ ಇಡೀ ಓಣಿ. ಯಾರೂ ನನ್ನ ಮೈ ಮುಟ್ಟಲಿಲ್ಲ. ಮುಟ್ಟುವ ಅವಶ್ಯಕತೆಯೇ ಬೀಳಲಿಲ್ಲ. ನಡುಗೆರೆಯ ಬಳಿ ಒಬ್ಬ ಅಂಪೈರ್ ಇದ್ದಿದ್ದರೆ ಅವನ ಮುಖವನ್ನಾದರೂ ನೋಡುತ್ತಿದ್ದೆ. ಅಂಕ ಬರೆಯುತ್ತಿದ್ದವನು ಏಳನೆಯ ಇಯತ್ತೆಯ ಹುಡುಗ. ನಾನು ತೀರ್ಪು ತಿರುಗಿಸಿದೆ. 25-24ರಿಂದ ಆ ಊರು ಗೆದ್ದಿತು, ಗುಲಾಲು ಹಾರಿತು. ಸಂಜೆ ಬಸ್ ನಿಲ್ದಾಣದಲ್ಲಿ ಆ ಮೂಲೆಯ ಹುಡುಗ ನನ್ನ ಪಕ್ಕದಲ್ಲಿಯೇ ಬಂದು ನಿಂತ. ಮೊಳಕೈ ತರಚಿತ್ತು. "ಅಣ್ಣಾರ, ಮೊದಲ ನೀವ ಔಟ್ ಕೊಟ್ಟಿದ್ರಿ. ಆಮ್ಯಾಲ ಯಾಕ ತಿರಿವಿದ್ರಿ?" ಎಂದು ಕೇಳಿದ. ಸಿಟ್ಟಿನಿಂದ ಕೇಳಲಿಲ್ಲ, ನಿಯಮ ತಿಳಿದುಕೊಳ್ಳಲು ಕೇಳಿದ. ನಾನು ಉತ್ತರ ಕೊಡಲಿಲ್ಲ.

ದೊಡ್ಡವರ ಆಟದಲ್ಲಿ ಹೀಗಾಗುವುದಿಲ್ಲವೇ ಎಂದರೆ, ಆಗುತ್ತದೆ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತವೂ ಇರಾನೂ 28-28 ಸಮನಾಗಿದ್ದಾಗ, ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟ ದಾಳಿಗಾರನೊಬ್ಬನೇ ಔಟೋ, ಅವನ ಹಿಂದೆ ಲಾಬಿಗೆ ಹೋದ ಹಿಡಿತಗಾರರೂ ಔಟೋ ಎಂಬ ಒಂದೇ ಪ್ರಶ್ನೆಗೆ ಸುಮಾರು ಒಂದು ತಾಸು ಆಟ ನಿಂತಿತು. ತೀರ್ಪು ಅತ್ತಿತ್ತ ತೂಗಾಡಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ಅಲ್ಲಿ ಮೇಜಿನ ತುಂಬ ಅಧಿಕಾರಿಗಳಿದ್ದರು, ಮತ್ತೆ ಮತ್ತೆ ನೋಡಲು ಚಿತ್ರಗಳಿದ್ದವು. ಅಂಥವರೇ ತಡವರಿಸಿದ ಕೆಲಸವನ್ನು ನಾವು ಜಾತ್ರೆಗೆ ಬಂದ ಹುಡುಗನೊಬ್ಬನ ಕೊರಳಿಗೆ ಕಟ್ಟುತ್ತೇವೆ.

ಶಾಲೆಯ ಕೂಟಗಳ ಹೊರೆಯೆಲ್ಲ ದೈಹಿಕ ಶಿಕ್ಷಣ ಶಿಕ್ಷಕರ ಮೇಲೆ ಬಿದ್ದಿದೆ. ತಮ್ಮ ಶಾಲೆಯ ತಂಡವನ್ನು ತಯಾರು ಮಾಡುವವರೂ ಅವರೇ, ಕರೆತರುವವರೂ ಅವರೇ, ಅಂಕಣಕ್ಕೆ ಸುಣ್ಣ ಎಳೆಸುವವರೂ ಅವರೇ, ಸೀಟಿ ಹಿಡಿಯುವವರೂ ಅವರೇ. ತಮ್ಮ ಮಕ್ಕಳು ಆಡುವಾಗ ಅವರು ಎಷ್ಟೇ ನ್ಯಾಯವಾಗಿ ನಡೆದರೂ ನೋಡುವವರು ನಂಬುವುದಿಲ್ಲ. ಕಾಲೇಜಿನಲ್ಲಾದರೂ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಆ ಹುದ್ದೆ ಖಾಲಿ ಇರುವ ಕಾಲೇಜುಗಳೂ ಉಂಟು. ಹಾಗೆಂದು ಸರಕಾರ ಹುದ್ದೆ ತುಂಬುವವರೆಗೆ ಕಾಯೋಣವೆಂದರೆ, ಈಗ ಆಡುವ ಹುಡುಗರು ಅಷ್ಟರಲ್ಲಿ ಮಕ್ಕಳ ತಂದೆಯರಾಗಿರುತ್ತಾರೆ.

ತಾರೀಖುಗಳ ತೊಡಕು ಬೇರೆ ಇದೆ. ಶಾಲೆಯ ಆಟಗಳು ಕ್ಲಸ್ಟರ್, ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಏರುತ್ತವೆ. ಮೇಲಿನ ಮೆಟ್ಟಿಲಿನ ತಾರೀಖು ಗೊತ್ತಾದ ಮೇಲೆ ಕೆಳಗಿನವೆಲ್ಲ ಅದಕ್ಕೆ ತಕ್ಕಂತೆ ಇಕ್ಕಟ್ಟಾಗುತ್ತವೆ. ಆ ಇಕ್ಕಟ್ಟು ಬೀಳುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ನಮ್ಮ ಸೀಮೆಯಲ್ಲಿ ಮಳೆ ಹಿಡಿಯುವ ಕಾಲವೂ ಅದೇ. ಎರೆಮಣ್ಣು ಒಮ್ಮೆ ನೆನೆದರೆ ಎಂಥ ಆಟ? ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು ಹತ್ತುತ್ತದೆ. ದಾಳಿ ಮಾಡುವವನೂ ಹಿಡಿಯುವವನೂ ನೆಟ್ಟ ಕಂಬಗಳಂತೆ ನಿಲ್ಲಬೇಕಾಗುತ್ತದೆ. ಸಾಲದ್ದಕ್ಕೆ ಗಣೇಶನ ಹಬ್ಬದ ಪಂದ್ಯಾವಳಿಗಳು, ದಸರಾ ಕ್ರೀಡಾಕೂಟ, ಎಲ್ಲವೂ ಅದೇ ಎರಡು ಮೂರು ತಿಂಗಳಲ್ಲಿ ಒಂದರ ಮೈಮೇಲೆ ಒಂದು ಬೀಳುತ್ತವೆ. ಎಲ್ಲ ಕಡೆಯೂ ಕರೆಯುವುದು ಅದೇ ನಾಲ್ಕು ಜನ ರೆಫರಿಗಳನ್ನು.

ಇದು ನಮ್ಮೊಬ್ಬರ ಕಷ್ಟವಲ್ಲ. ಐರ್ಲೆಂಡ್ ದೇಶದಲ್ಲಿ 1884ರಲ್ಲಿ ಥರ್ಲ್ಸ್ ಎಂಬ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾ ಸಂಸ್ಥೆಯೊಂದಿದೆ. ಅವರ ಹರ್ಲಿಂಗ್, ಗೇಲಿಕ್ ಕಾಲ್ಚೆಂಡು ನಮ್ಮ ಕಬಡ್ಡಿಯಂತೆ ನೆಲದ ಆಟಗಳು. ಆಡುವವರು ಸಂಬಳಕ್ಕೆ ಆಡುವುದಿಲ್ಲ, ಊರಿನ ಮಾನಕ್ಕೆ ಆಡುತ್ತಾರೆ. ಅಲ್ಲಿಯೂ ಬೈಗುಳ ತಿಂದು ತಿಂದು ಬೇಸತ್ತು ರೆಫರಿಗಳು ಸೀಟಿ ಕೆಳಗಿಡುತ್ತಿದ್ದಾರೆ, ಹೊಸಬರು ಬರಲು ಹಿಂಜರಿಯುತ್ತಿದ್ದಾರೆ. ಆದರೆ ತಾರೀಖುಗಳ ವಿಷಯದಲ್ಲಿ ಅವರು ಒಂದು ಕೆಲಸ ಮಾಡಿದರು. ಊರಿನ ಕ್ಲಬ್ಬೂ ಜಿಲ್ಲೆಯ ತಂಡವೂ ಒಬ್ಬನೇ ಆಟಗಾರನನ್ನು ಎರಡು ಕಡೆಗೆ ಎಳೆಯುತ್ತಿದ್ದುದರಿಂದ, 2022ರಿಂದ ವರ್ಷವನ್ನೇ ಎರಡು ಪಾಲು ಮಾಡಿ, ಜಿಲ್ಲೆಗಳ ಆಟವನ್ನು ಜುಲೈ ತಿಂಗಳಿಗೆ ಮುಗಿಸಿ, ಉಳಿದುದನ್ನು ಊರುಗಳಿಗೆ ಬಿಟ್ಟುಕೊಟ್ಟರು. ಇಲಾಖೆಯ ತಾರೀಖುಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ಊರಿನ ಯುವಕ ಮಂಡಳದವರು ತಮ್ಮ ಪಂದ್ಯಾವಳಿಯನ್ನು ಮಳೆಗಾಲದಿಂದ ಸುಗ್ಗಿಯ ನಂತರಕ್ಕೆ, ಕಡಲೆ ಜೋಳ ಮನೆಗೆ ಬಂದ ಮೇಲೆ ಇಟ್ಟುಕೊಂಡರೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನೆಲ ಒಣಗಿರುತ್ತದೆ, ಮಾಸ್ತರರು ಬಿಡುವಾಗಿರುತ್ತಾರೆ. ಜಾತ್ರೆಯ ದಿನವೇ ಆಗಬೇಕೆಂಬ ಹಟವಿದ್ದರೆ 16 ತಂಡಗಳಿಗೆ ಬದಲು 8 ಕರೆಯಲಿ. 7 ಪಂದ್ಯಗಳಿಗೆ 5 ತಾಸು 15 ನಿಮಿಷ ಸಾಕು.

ಸೀಟಿ ಊದುವವರನ್ನು ಎಲ್ಲಿಂದ ತರುವುದು? ನಮ್ಮಿಂದಲೇ ತರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪ್ರತಿಯೊಂದು ಕಾಲೇಜಿನಲ್ಲಿಯೂ ತಂಡದಲ್ಲಿ ಸ್ಥಾನ ಸಿಗದೆ ಹೊರಗೆ ಕೂಡುವವರು ಎಷ್ಟೋ ಜನ ಇದ್ದಾರೆ. ಆಟವನ್ನು ಆಡುವವರಿಗಿಂತ ಚೆನ್ನಾಗಿ ಅವರು ನೋಡಿರುತ್ತಾರೆ. ವಿದ್ಯಾರ್ಥಿನಿಯರಂತೂ ಈ ಕೆಲಸಕ್ಕೆ ಯಾರ ಕಣ್ಣಿಗೂ ಬಿದ್ದೇ ಇಲ್ಲ. ಅವರಿಗೆ ನಿಯಮಗಳ ಪುಸ್ತಕ ಓದಿಸಿ, ಶನಿವಾರಗಳಂದು ಜಿಮಖಾನಾದ ಮುಂದೆ ಅಭ್ಯಾಸದ ಪಂದ್ಯಗಳನ್ನು ಆಡಿಸಲು ಹಚ್ಚಿ, ಅಧಿಕೃತ ರೆಫರಿ ಪರೀಕ್ಷೆಗೆ ಕೂಡಿಸಬಹುದು.

ಹುಡುಗರು ತಮ್ಮ ಊರಿನ ಪಕ್ಷ ವಹಿಸುತ್ತಾರೆ ಎಂದು ಹಿರಿಯರು ಹೇಳುವುದುಂಟು. ಆ ಮಾತನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ನಾನು ನನ್ನದಲ್ಲದ ಊರಿನ ಪಕ್ಷವನ್ನೇ ಹೆದರಿ ವಹಿಸಿದವನು. ಆದುದರಿಂದಲೇ ಮೂರು ಊರುಗಳೂ ಕೂಡಿ ಇದನ್ನು ಮಾಡಬೇಕು. ರೋಣದವರು ನರಗುಂದದಲ್ಲಿ ಸೀಟಿ ಊದಲಿ, ನರಗುಂದದವರು ಗಜೇಂದ್ರಗಡದಲ್ಲಿ, ಗಜೇಂದ್ರಗಡದವರು ರೋಣದಲ್ಲಿ. ಒಬ್ಬೊಬ್ಬರಾಗಿ ಹೋಗಬಾರದು, ಆರೂ ಜನ ಕೂಡಿಯೇ ಹೋಗಬೇಕು. ಅಂದು ನನ್ನ ಪಕ್ಕದಲ್ಲಿ ಇನ್ನಿಬ್ಬರು ನಿಂತಿದ್ದರೆ ಆ ಒಂದು ಗೇಣು ಒಂದು ಗೇಣಾಗಿಯೇ ಉಳಿಯುತ್ತಿತ್ತು. ಖರ್ಚೇನು ಮಹಾ? ಬಸ್ಸಿನ ಚಾರ್ಜು, ಮಧ್ಯಾಹ್ನದ ರೊಟ್ಟಿ ಊಟ, ಮೇಲೊಂದಿಷ್ಟು ಗೌರವಧನ. ಆಡುವ ಹುಡುಗನ ಎದೆಮಟ್ಟದ ಟ್ರೋಫಿಯನ್ನೂ, ದಾನಿಗಳ ಮುಖಗಳೆಲ್ಲ ತುಂಬಿದ ಬ್ಯಾನರನ್ನೂ ತರಿಸಲು ಕೈ ಹಿಡಿಯದ ಮಂಡಳಗಳು ರೆಫರಿಯ ಊಟಕ್ಕೆ ಬಂದಾಗ ಮಾತ್ರ ಲೆಕ್ಕದ ಪುಸ್ತಕ ತೆಗೆಯುವುದನ್ನು ನೋಡಿದ್ದೇನೆ. ಪ್ರವೇಶ ಶುಲ್ಕದಲ್ಲಿಯೇ ಅವನ ಪಾಲು ಮೊದಲು ತೆಗೆದಿಡಬೇಕೆಂದು ತಂಡಗಳೇ ಕೇಳಬೇಕು. ಆರು ಜನರ ಹೆಸರು ಕರಪತ್ರದಲ್ಲಿ ಅಚ್ಚಾಗದ ಕೂಟಕ್ಕೆ ನಮ್ಮ ಕಾಲೇಜಿನ ತಂಡ ಹೋಗಬಾರದೆಂದು ಜಿಮಖಾನಾ ಒಂದು ಠರಾವು ಮಾಡಿದರೂ ಸಾಕು, ಉಳಿದವರು ಯೋಚಿಸತೊಡಗುತ್ತಾರೆ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮ ಪರೀಕ್ಷೆಗಳು ಮುಗಿದಿರುತ್ತವೆ. ದೈಹಿಕ ಶಿಕ್ಷಣ ನಿರ್ದೇಶಕರ ಕೋಣೆಯಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಅದರ ಮೊದಲನೆಯ ಹಾಳೆಯಲ್ಲಿ ನನ್ನ ಹೆಸರಿದೆ. ಒಂದು ಅಂಕಣಕ್ಕೆ ಇನ್ನು 5 ಜನ ಬೇಕು.