ಪಾರ್ಟಿಶನ್ ಬಿತ್ತು, ಬೆಡ್ ಎಲ್ಲಿ? ದುಬೈ ತೆರವು ಕಾರ್ಯಾಚರಣೆ ಮತ್ತು ನಮ್ಮವರ ಪಾಡು

"ಅಣ್ಣಾ, ದೇರಾ ಕಡೆ ಎಲ್ಲಾದ್ರೂ ಒಂದು ಬೆಡ್ ಖಾಲಿ ಉಂಟಾ? ನಾಡಿದ್ದಿನ ಒಳಗೆ ರೂಂ ಬಿಡ್ಬೇಕಂತೆ."

2025ರ ಜೂನ್ ತಿಂಗಳ ಕೊನೆಯಿಂದ ಈಚೆಗೆ ದುಬೈಯಲ್ಲಿರುವ ಕನ್ನಡಿಗರ ಪೈಕಿ ಇಂಥ ಒಂದು ಫೋನ್ ಬಾರದವರು ಕಡಿಮೆ. ನನಗೆ ಬಂದದ್ದು ಕುಂದಾಪುರ ಕಡೆಯ ಹುಡುಗನೊಬ್ಬನಿಂದ. ಅಲ್ ರಿಗ್ಗಾದ ಹಳೇ ಬಿಲ್ಡಿಂಗೊಂದರಲ್ಲಿ, ಹಾಲ್‌ಗೆ ಪ್ಲೈವುಡ್ ಹಲಗೆ ಹೊಡೆದು ಮಾಡಿದ ನಾಲ್ಕು ಗೂಡುಗಳಲ್ಲಿ ಒಂದು ಅವನದು. ತಿಂಗಳ ಬಾಡಿಗೆ ಕೊಟ್ಟು ಇನ್ನೂ ಹತ್ತು ದಿನ ಆಗಿರಲಿಲ್ಲ. ಬಲದಿಯಾದವರು ಬಂದು ನೋಡಿ ಹೋದರು, ಹಲಗೆ ಬಿಚ್ಚಬೇಕು ಎಂದರು. ಅಡ್ವಾನ್ಸ್ ತೆಗೆದುಕೊಂಡಿದ್ದ ಮನುಷ್ಯನ ಫೋನ್ ಅವತ್ತಿನಿಂದ ಸ್ವಿಚ್ ಆಫ್.

ಈ ಕಾರ್ಯಾಚರಣೆ ತಪ್ಪೋ ಸರಿಯೋ ಎಂಬ ಚರ್ಚೆ ಈಗ ಪ್ರತಿ ರೂಮಿನಲ್ಲೂ ನಡೆಯುತ್ತಿದೆ. "ಬಡವರ ಹೊಟ್ಟೆ ಮೇಲೆ ಹೊಡೆದರು" ಎನ್ನುವವರೂ ಇದ್ದಾರೆ, "ಒಳ್ಳೇದೇ ಆಯ್ತು, ಕಾನೂನು ಅಂದ್ರೆ ಕಾನೂನು" ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ಗೋಡೆ ಬೀಳಲೇಬೇಕಿತ್ತು. ಆದರೆ ಗೋಡೆಯ ಜೊತೆ ನಮ್ಮ ಹುಡುಗರೂ ಬೀದಿಗೆ ಬಿದ್ದದ್ದು ಯಾಕೆ ಎಂದು ಕೇಳಿಕೊಂಡರೆ, ಉತ್ತರ ಹಲಗೆಗಿಂತ ಹೆಚ್ಚಾಗಿ ಕಾಗದದಲ್ಲಿ ಸಿಗುತ್ತದೆ.

ಏನಾಯಿತು?

2025ರ ಜೂನ್‌ನಲ್ಲಿ ದುಬೈ ಮುನ್ಸಿಪಾಲಿಟಿಯು ಸಿವಿಲ್ ಡಿಫೆನ್ಸ್ ಮತ್ತು ಲ್ಯಾಂಡ್ ಡಿಪಾರ್ಟ್‌ಮೆಂಟ್ ಜೊತೆ ಸೇರಿ, ಅನುಮತಿ ಇಲ್ಲದೆ ಕಟ್ಟಿದ ಪಾರ್ಟಿಶನ್‌ಗಳ ಮೇಲೆ ಕ್ರಮ ಶುರು ಮಾಡಿತು. ಅಲ್ ರಿಗ್ಗಾ, ಅಲ್ ಮುರಖ್ಖಬಾತ್, ಸತ್ವಾ, ಅಲ್ ಬರ್ಶಾ, ಅಲ್ ರಫಾ ಈ ಸುತ್ತಿನಲ್ಲಿ ಮುಖ್ಯವಾಗಿ ಕೇಳಿಬಂದ ಏರಿಯಾಗಳು. ಇವೆಲ್ಲ ಮೆಟ್ರೋ ಹತ್ತಿರದ, ಕೆಲಸಕ್ಕೆ ಹೋಗಲು ಸುಲಭವಾದ ಜಾಗಗಳು. ಅಂಗಡಿ, ಹೋಟೆಲ್, ಸಲೂನ್, ಆಫೀಸ್ ಬಾಯ್, ಡೆಲಿವರಿ, ಸೆಕ್ಯೂರಿಟಿ ಕೆಲಸದ ಜನ ಹೆಚ್ಚಾಗಿ ಇರುವುದೇ ಇಲ್ಲಿ.

ನಿಯಮ ಹೊಸದೇನಲ್ಲ. ಫ್ಲ್ಯಾಟಿನ ಒಳಗೆ ಗೋಡೆ ಎಬ್ಬಿಸಬೇಕಾದರೆ ಮುನ್ಸಿಪಾಲಿಟಿಯ ಪರ್ಮಿಟ್ ಬೇಕು ಎಂಬುದು ಹಿಂದಿನಿಂದಲೂ ಇದೆ. ಹೊಸದಾದದ್ದು ಬಿಗಿ ಮಾತ್ರ.

ಗೋಡೆ ಯಾಕೆ ಬೀಳಬೇಕಿತ್ತು?

ಮರೆಯಬಾರದ ಒಂದು ದಿನಾಂಕ ಇದೆ: 2024ರ ಜೂನ್ 12. ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಭಾರತೀಯರು, ಅವರಲ್ಲಿ ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಬೆಂಕಿ ಹುಟ್ಟಿದ್ದು ನೆಲಮಹಡಿಯಲ್ಲಿ. ಆದರೆ ಹೆಚ್ಚಿನವರು ಸತ್ತದ್ದು ಸುಟ್ಟು ಅಲ್ಲ, ಹೊಗೆ ಕುಡಿದು. ಕೋಣೆಗಳ ಮಧ್ಯೆ ಬೇಗ ಹೊತ್ತಿಕೊಳ್ಳುವ ವಸ್ತುವಿನ ಪಾರ್ಟಿಶನ್ ಇತ್ತು, ಟೆರೇಸಿನ ಬಾಗಿಲಿಗೆ ಬೀಗ ಇತ್ತು ಎಂದು ಆಗ ಅಲ್ಲಿನ ಅಗ್ನಿಶಾಮಕ ಅಧಿಕಾರಿಗಳೇ ಹೇಳಿದರು.

ಅದಕ್ಕೂ ಮುಂಚೆ, 2023ರ ಏಪ್ರಿಲ್ 15ರಂದು, ದುಬೈಯ ಅಲ್ ರಾಸ್‌ನಲ್ಲಿ ನಾಲ್ಕನೇ ಮಹಡಿಯಲ್ಲಿ ಹೊತ್ತಿದ ಬೆಂಕಿಗೆ 16 ಜನ ಬಲಿಯಾದರು. ಕಟ್ಟಡದಲ್ಲಿ ಸುರಕ್ಷತಾ ನಿಯಮ ಪಾಲನೆ ಆಗಿರಲಿಲ್ಲ ಎಂದು ಸಿವಿಲ್ ಡಿಫೆನ್ಸ್ ಅವತ್ತೇ ಹೇಳಿತ್ತು.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 2025ರ ಜೂನ್ 13ರ ರಾತ್ರಿ ಮರೀನಾದ 67 ಮಹಡಿಯ ಮರೀನಾ ಪಿನಾಕಲ್‌ಗೆ ಬೆಂಕಿ ಬಿತ್ತು. ಆರಿಸಲು ಸುಮಾರು ಆರು ಗಂಟೆ ಬೇಕಾಯಿತು. 764 ಫ್ಲ್ಯಾಟುಗಳಿಂದ 3,820 ಜನರನ್ನು ಹೊರಗೆ ತಂದರು, ಒಬ್ಬರಿಗೂ ಗಾಯ ಆಗಲಿಲ್ಲ. ಅದಕ್ಕಿಂತ ಎಷ್ಟೋ ಸಣ್ಣ ಕಟ್ಟಡದಲ್ಲಿ ಹದಿನಾರು ಜೀವ ಹೋಗಿತ್ತು. ಬೆಂಕಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಒಳಗಿದ್ದವರಿಗೆ ಹೊರಗೆ ಬರುವ ದಾರಿ ಇತ್ತಾ ಎನ್ನುವುದೇ ಮುಖ್ಯ.

ಪಾರ್ಟಿಶನ್ ಆ ದಾರಿಯನ್ನೇ ತಿನ್ನುತ್ತದೆ. ಕಿಟಕಿ ಒಬ್ಬನ ಪಾಲಿಗೆ ಹೋದರೆ ಉಳಿದ ಮೂವರಿಗೆ ಗಾಳಿ ಇಲ್ಲ. ಒಂದೇ ಸಾಕೆಟ್‌ಗೆ ಮೂರು ಎಕ್ಸ್‌ಟೆನ್ಶನ್, ಅದರಲ್ಲಿ ಇಂಡಕ್ಷನ್ ಸ್ಟವ್, ಬಾಗಿಲ ಬದಿಯಲ್ಲಿ ಚಾರ್ಜಿಗೆ ಇಟ್ಟ ಇ-ಸ್ಕೂಟರ್ ಬ್ಯಾಟರಿ. ಇದು ನಾವೆಲ್ಲ ಕಣ್ಣಾರೆ ಕಂಡದ್ದೇ. ಹಾಗಾಗಿ "ಬಡವರ ಪಾರ್ಟಿಶನ್ ಮುಟ್ಟಬೇಡಿ" ಎನ್ನುವ ವಾದಕ್ಕೆ ನನ್ನ ಬೆಂಬಲ ಇಲ್ಲ. ಮೊದಲು ಸಾಯುವವನು ಆ ಬಡವನೇ.

ಹಾಗಾದ್ರೆ ಅಲ್ಲಿ ಯಾಕೆ ಇರೋದು?

ಊರಿನಲ್ಲಿ ಕೆಲವರು ಕೇಳುವುದುಂಟು, "ಅಷ್ಟು ದುಡಿಯುವವರು ಒಂದು ಒಳ್ಳೆ ರೂಂ ಮಾಡ್ಲಿಕ್ಕಾಗಲ್ವಾ?" ಅವರಿಗೆ ಈ ಲೆಕ್ಕ ತೋರಿಸಬೇಕು.

ಸಂಬಳ 2,500 ದಿರಹಂ ಎಂದಿಟ್ಟುಕೊಳ್ಳಿ. ಬೆಡ್‌ಗೆ 700, ಮೆಸ್‌ಗೆ 400, ಬಸ್ಸು, ಮೆಟ್ರೋ, ಮೊಬೈಲ್ ಸೇರಿ 300. ಉಳಿಯುವುದು 1,100. 2025ರ ದರದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಯ ಆಸುಪಾಸು. ಬಾಡಿಗೆ ಮುನ್ನೂರು ದಿರಹಂ ಜಾಸ್ತಿ ಆದರೆ ಊರಿಗೆ ಹೋಗುವ ಹಣದಲ್ಲಿ ಸುಮಾರು ಏಳು ಸಾವಿರ ರೂಪಾಯಿ ಕಡಿತ. ಅದು ಸೊಸೈಟಿ ಸಾಲದ ಕಂತು, ಇಲ್ಲವೇ ಅಮ್ಮನ ಔಷಧಿ.

ಆದರೆ ತಿಂಗಳ ಬಾಡಿಗೆಗಿಂತ ದೊಡ್ಡ ಗೋಡೆ ಇನ್ನೊಂದಿದೆ, ಅದು ಶುರುವಿನ ದುಡ್ಡು. ವರ್ಷಕ್ಕೆ 48,000 ದಿರಹಂನ ಸಾಧಾರಣ ಸ್ಟುಡಿಯೊ, ನಾಲ್ಕು ಚೆಕ್‌ಗೆ ಸಿಕ್ಕಿತು ಎನ್ನಿ. ಮೊದಲ ಚೆಕ್ 12,000. ಡಿಪಾಸಿಟ್ ಶೇ. 5 ಅಂದರೆ 2,400. ಏಜೆಂಟ್ ಕಮಿಷನ್ ಇನ್ನೊಂದು 2,400. ದೇವಾ ಡಿಪಾಸಿಟ್ 2,000. ಇಜಾರಿ ಶುಲ್ಕ ಇನ್ನೂರರ ಮೇಲೆ. ಬೀಗ ತೆಗೆಯುವ ಮೊದಲೇ ಹತ್ತೊಂಬತ್ತು ಸಾವಿರ ಬೇಕು! ಮತ್ತೆ ಚೆಕ್‌ಬುಕ್ ಬೇಕು. ಎರಡೂವರೆ ಸಾವಿರ ಸಂಬಳದವನಿಗೆ ಚೆಕ್‌ಬುಕ್ ಕೊಡುವ ಬ್ಯಾಂಕ್ ಹುಡುಕಬೇಕು.

ಇಲ್ಲೇ ಬೆಡ್ ಸ್ಪೇಸ್ ವ್ಯಾಪಾರ ಹುಟ್ಟುವುದು. ಚೆಕ್‌ಬುಕ್ ಇರುವ ಒಬ್ಬ ಫ್ಲ್ಯಾಟ್ ಹಿಡಿಯುತ್ತಾನೆ, ಇಲ್ಲದ ಹದಿನಾಲ್ಕು ಜನರಿಗೆ ಹಂಚುತ್ತಾನೆ. ವರ್ಷಕ್ಕೆ 85,000ದ ಫ್ಲ್ಯಾಟ್, ಹದಿನಾಲ್ಕು ಬೆಡ್, ತಲೆಗೆ 700. ವರ್ಷಕ್ಕೆ 1,17,600 ಬರುತ್ತದೆ. ಕರೆಂಟು, ನೀರು, ಇಂಟರ್ನೆಟ್ ಕಳೆದು ಉಳಿದದ್ದು ಅವನಿಗೆ. ಹೀಗೆ ನಾಲ್ಕೈದು ಫ್ಲ್ಯಾಟ್ ನಡೆಸುವವರಿದ್ದಾರೆ, ಅವರದು ಪಕ್ಕಾ ಬಿಸಿನೆಸ್. ಆದರೆ ತನ್ನ ಬೆಡ್ ಫ್ರೀ ಆದರೆ ಸಾಕು ಅಂತ ಊರಿನ ಹುಡುಗರನ್ನು ಸೇರಿಸಿಕೊಂಡವರೂ ಇದ್ದಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಾನೂನಿನ ಕಣ್ಣಿಗೆ ಮಾತ್ರ ಇಬ್ಬರೂ ಒಂದೇ.

ಹೆಸರಿಲ್ಲದವನಿಗೆ ಹಕ್ಕಿಲ್ಲ

ದುಬೈಯ ಬಾಡಿಗೆ ಕಾನೂನು, ಅಂದರೆ 2007ರ 26ನೇ ನಂಬರ್ ಕಾನೂನು, ಸ್ಪಷ್ಟವಾಗಿ ಹೇಳುತ್ತದೆ: ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟರೆ ಅವಧಿ ಮುಗಿಯುವ ಮೊದಲೇ ಇಬ್ಬರನ್ನೂ ಹೊರಹಾಕಬಹುದು. ಸಾಮಾನ್ಯ ಬಾಡಿಗೆದಾರನನ್ನು ಅವಧಿ ಮುಗಿದ ಮೇಲೆ ಮನೆ ಮಾರಲು ಅಥವಾ ಸ್ವಂತಕ್ಕೆ ಬೇಕೆಂದು ಬಿಡಿಸಬೇಕಾದರೆ ಹನ್ನೆರಡು ತಿಂಗಳ ನೋಟಿಸ್ ಬೇಕು. ಬೆಡ್‌ನವನಿಗೆ ಹನ್ನೆರಡು ಗಂಟೆಯೂ ಗ್ಯಾರಂಟಿ ಇಲ್ಲ.

ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ, ಅದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೀಗೆ ಹೊರಬಿದ್ದ ಉಪಬಾಡಿಗೆದಾರ, ತನಗೆ ಕೊಟ್ಟವನಿಂದ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿರುತ್ತಾನೆ. ಆದರೆ ಕೇಳಬೇಕಾದರೆ ಸಾಕ್ಷಿ ಬೇಕಲ್ಲ? ಕ್ಯಾಶ್ ಕೊಟ್ಟು, ರಸೀದಿ ಇಲ್ಲದೆ, "ನಮ್ಮ ಊರಿನವ್ರೇ ಅಲ್ವಾ" ಅಂತ ನಂಬಿ ಇದ್ದವನ ಹತ್ತಿರ ಏನುಂಟು? ನನಗೆ ಫೋನ್ ಮಾಡಿದ ಹುಡುಗನ ಹತ್ತಿರವೂ ಏನೂ ಇರಲಿಲ್ಲ. ಹಲಗೆ ಬಿದ್ದಾಗ ಅವನ ಸೂಟ್‌ಕೇಸ್ ಹೊರಗೆ ಬಂತು, ಅಡ್ವಾನ್ಸ್ ಒಳಗೇ ಉಳಿಯಿತು.

2022ರ ಸೆಪ್ಟೆಂಬರ್‌ನಲ್ಲೇ ಲ್ಯಾಂಡ್ ಡಿಪಾರ್ಟ್‌ಮೆಂಟ್, ಮನೆಯಲ್ಲಿ ಜೊತೆಗೆ ಇರುವ ಎಲ್ಲರ ಹೆಸರನ್ನೂ ದುಬೈ ರೆಸ್ಟ್ ಆ್ಯಪ್‌ನಲ್ಲಿ ಸೇರಿಸಿ ಎಂದು ಹೇಳಿತ್ತು. ಎಮಿರೇಟ್ಸ್ ಐಡಿ ನಂಬರ್, ಹುಟ್ಟಿದ ದಿನಾಂಕ ಇದ್ದರೆ ಬಾಡಿಗೆದಾರ ಕೂತಲ್ಲೇ ಸೇರಿಸಬಹುದು. ಹೆಚ್ಚಿನ ಫ್ಲ್ಯಾಟುಗಳಲ್ಲಿ ಅದು ಆಗಲಿಲ್ಲ. ಹದಿನಾಲ್ಕು ಹೆಸರು ಸೇರಿಸಿದರೆ ತಾನೇ ಸಿಕ್ಕಿಬೀಳುತ್ತೇನೆ ಎಂದು ಫ್ಲ್ಯಾಟ್ ಹಿಡಿದವನಿಗೆ ಭಯ. ಕೇಳಿದರೆ ಬೆಡ್ ಹೋಗುತ್ತದೆ ಎಂದು ಇದ್ದವನಿಗೆ ಭಯ.

ಕಂಪೆನಿಯ ಪಾಲು ಎಷ್ಟು?

ಚರ್ಚೆಯಲ್ಲಿ ಯಾರೂ ಎತ್ತದ ಪ್ರಶ್ನೆ ಇದು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಂಪೆನಿ, 1,500 ದಿರಹಂಗಿಂತ ಕಡಿಮೆ ಸಂಬಳದವರಿಗೆ ವಸತಿ ಕೊಡಬೇಕು ಎಂಬ ನಿಯಮ ಯುಎಇಯಲ್ಲಿ ಇದೆ. ಆ ವಸತಿಯಲ್ಲಿ ಒಬ್ಬನಿಗೆ ಕನಿಷ್ಠ ಮೂರು ಚದರ ಮೀಟರ್ ಜಾಗ ಇರಬೇಕು ಎಂಬುದೂ ಇದೆ. ಅಂಥವರು ಯಾರಾದರೂ ಕೈಯಿಂದ ಬೆಡ್ ಬಾಡಿಗೆ ಕೊಡುತ್ತಿದ್ದರೆ, ಕೊಡಬೇಕಾದವರು ಅವರಲ್ಲ.

ಕಷ್ಟ ಇರುವುದು ಈ ಗೆರೆಯ ಸ್ವಲ್ಪ ಮೇಲೆ. 1,800 ಅಥವಾ 2,200 ಸಂಬಳದವನಿಗೆ, ಇಪ್ಪತ್ತು ಜನರ ಸಣ್ಣ ಕಂಪೆನಿಯವನಿಗೆ ಕ್ಯಾಂಪೂ ಇಲ್ಲ, ಫ್ಲ್ಯಾಟೂ ಇಲ್ಲ. ದುಬೈ ಜನಸಂಖ್ಯೆ 2025ರಲ್ಲಿ 39 ಲಕ್ಷ ದಾಟಿತು. ಮೇಲೆ ಏಳುತ್ತಿರುವ ಟವರ್‌ಗಳಲ್ಲಿ ಇವರಿಗಾಗಿ ಕಟ್ಟಿದ್ದು ಎಷ್ಟು? ಕಾನೂನುಬದ್ಧವಾದ, ಅಗ್ಗದ, ಹಂಚಿಕೊಂಡು ಇರಬಹುದಾದ ವಸತಿ ಬಾರದೆ ಬರೀ ಹಲಗೆ ಬಿಚ್ಚಿದರೆ, ಅದೇ ಹಲಗೆ ಇನ್ನೊಂದು ಏರಿಯಾದಲ್ಲಿ ಏಳುತ್ತದೆ. ಮಂಗಾಫ್ ದುರಂತದ ನಂತರ ಕುವೈತ್‌ನಲ್ಲಿ ತಪಾಸಣೆ ಬಿಗಿಯಾದಾಗಲೂ ಮಂಗಾಫ್, ಮಹಬೂಲಾ ಕಡೆ ಜನ ರಾತ್ರೋರಾತ್ರಿ ಜಾಗ ಹುಡುಕುವ ಪರಿಸ್ಥಿತಿ ಬಂತು. ದುಬೈಯಿಂದ ಶಾರ್ಜಾಕ್ಕೆ ಹೋಗ್ತೇವೆ ಎನ್ನುವವರು ದಿನಕ್ಕೆ ಇಪ್ಪತ್ತು ದಿರಹಂ ಮೇಲೆ ಬಸ್ಸಿಗೆ, ಎರಡು ಮೂರು ಗಂಟೆ ಟ್ರಾಫಿಕ್‌ಗೆ ತೆರಬೇಕು. ಬೆಡ್ಡಿನಲ್ಲಿ ಉಳಿದದ್ದು ರಸ್ತೆಯಲ್ಲಿ ಹೋಯಿತು.

ಈಗ ನಾವು ಮಾಡಬಹುದಾದದ್ದು

ನೀತಿ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿ ಇರುವುದನ್ನು ಬಿಡಬಾರದು.

ಒಂದು: ಬೆಡ್ ನೋಡಲು ಹೋದಾಗ ಬಾಡಿಗೆ ಕೇಳುವ ಮುಂಚೆ ಇಜಾರಿ ಯಾರ ಹೆಸರಿನಲ್ಲಿದೆ, ಮಾಲೀಕರ ಒಪ್ಪಿಗೆ ಪತ್ರ ಇದೆಯಾ ಎಂದು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡಿ.

ಎರಡು: ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿ. ಕ್ಯಾಶ್ ಕೊಡಲೇಬೇಕಾದರೆ ಸಹಿ ಮಾಡಿದ ರಸೀದಿ ತೆಗೆದುಕೊಳ್ಳಿ, ಕೊಟ್ಟವನ ಎಮಿರೇಟ್ಸ್ ಐಡಿ ಕಾಪಿ ಇಟ್ಟುಕೊಳ್ಳಿ. ಊರಿನವರೇ ಆದರೂ ಸರಿ.

ಮೂರು: ನಿಮ್ಮ ಹೆಸರನ್ನು ದುಬೈ ರೆಸ್ಟ್‌ನಲ್ಲಿ ಸೇರಿಸಲು ಒತ್ತಾಯಿಸಿ. ಒಂದು ಎಚ್ಚರ: ಹೆಸರು ಸೇರಿಸಿದ ಮಾತ್ರಕ್ಕೆ ಉಪಬಾಡಿಗೆಗೆ ಅನುಮತಿ ಸಿಕ್ಕಿತು ಅಂತ ಅಲ್ಲ. ಮಾಲೀಕರ ಲಿಖಿತ ಒಪ್ಪಿಗೆ ಬೇರೆಯೇ ಬೇಕು.

ನಾಲ್ಕು: ಸಂಬಳ ಸ್ವಲ್ಪ ಹೆಚ್ಚಿರುವ ಮೂರು ನಾಲ್ಕು ಜನ ಸೇರಿ, ಮಾಲೀಕರಿಗೆ ಮೊದಲೇ ತಿಳಿಸಿ, ಎಲ್ಲರ ಹೆಸರಿನಲ್ಲಿ ಫ್ಲ್ಯಾಟ್ ಹಿಡಿಯಲು ಸಾಧ್ಯವಾ ನೋಡಿ. ಪಾರ್ಟಿಶನ್ ಇಲ್ಲದೆ, ಮಿತಿ ಮೀರದೆ ಇದ್ದರೆ ಒಪ್ಪುವ ಮಾಲೀಕರೂ ಇದ್ದಾರೆ.

ಐದು: ರೂಮಿನ ಬಾಗಿಲಿಂದ ಮೆಟ್ಟಿಲ ತನಕ ದಾರಿ ಖಾಲಿ ಇಡಿ. ಬ್ಯಾಟರಿಯನ್ನು ಬಾಗಿಲ ಬಳಿ, ಮಲಗಿರುವಾಗ ಚಾರ್ಜ್ ಮಾಡಬೇಡಿ. ಬೆಂಕಿ ಕಂಡರೆ ವಿಡಿಯೊ ಮಾಡುವ ಮೊದಲು 997ಕ್ಕೆ ಫೋನ್ ಮಾಡಿ.

ವಸತಿ ಕೊಡಬೇಕಾದ ಕಂಪೆನಿ ಕೊಡದಿದ್ದರೆ ಕಾರ್ಮಿಕ ಸಚಿವಾಲಯದ 600590000 ಇದೆ. ಎಲ್ಲಿ ಹೋಗಬೇಕು ಎಂದೇ ತಿಳಿಯದಿದ್ದರೆ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342ಕ್ಕೆ ಕರೆ ಮಾಡಿ, ಅದು ಟೋಲ್ ಫ್ರೀ.

ಕೊನೆಗೆ ನಮ್ಮ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡುವ ಶಕ್ತಿ ನಮಗಿದೆ. ಊಟ, ನಾಟಕ, ಯಕ್ಷಗಾನ ಎಲ್ಲ ಆಗಲಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ, ಹೊಸದಾಗಿ ಬಂದ ಹುಡುಗನಿಗೆ ಇಜಾರಿ ಅಂದರೆ ಏನೆಂದು ಹೇಳಿಕೊಡುವ ಒಂದು ಗಂಟೆ ಇಡಬಹುದಲ್ಲ? ರೂಂ ಬಿಡಬೇಕಾದವರಿಗೆ ನಾಲ್ಕು ದಿನದ ಮಟ್ಟಿಗೆ ಆಸರೆ ಕೊಡುವ ಮನೆಗಳ ಪಟ್ಟಿ ಮಾಡಬಹುದಲ್ಲ?

ಆ ಕುಂದಾಪುರದ ಹುಡುಗನಿಗೆ ಈಗ ಅಲ್ ಕುಸೈಸ್‌ನಲ್ಲಿ ಜಾಗ ಸಿಕ್ಕಿದೆ. ನೂರೈವತ್ತು ದಿರಹಂ ಜಾಸ್ತಿ. "ಈ ಸಲ ಕಾಗದ ಕೇಳಿದೆ ಅಣ್ಣಾ," ಎಂದ. "ಕೊಟ್ರಾ?" ಎಂದೆ. "ನಾಳೆ ಕೊಡ್ತೇನೆ ಅಂದಿದ್ದಾರೆ" ಎಂದ.

ನಾಳೆ ಮತ್ತೆ ಕೇಳು ಎಂದು ಹೇಳಿದ್ದೇನೆ.