ಅಗ್ಗದ ಕರೆ ಸರಿ, ಆಪತ್ಕಾಲದ ಹೊಣೆ ಯಾರದು?

ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಕಡಿತಗೊಂಡ ರಾತ್ರಿಯೂ, ತಂತಿಗೆ ಧಕ್ಕೆಯಾಗದಿದ್ದರೆ, ಹಳೆಯ ಸ್ಥಿರ ದೂರವಾಣಿ ಕೆಲಸ ಮಾಡುತ್ತಿತ್ತು. ತಾಮ್ರದ ತಂತಿಯು ಧ್ವನಿಯ ಜೊತೆಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತನ್ನೂ ಮನೆಗೆ ತರುತ್ತಿತ್ತು. ಇಂದು ಆಪ್ಟಿಕಲ್ ಫೈಬರ್ ಸಂಪರ್ಕದಲ್ಲಿ ಧ್ವನಿ ಇಂಟರ್‌ನೆಟ್ ಮಾದರಿಯಲ್ಲಿ ಸಾಗುತ್ತದೆ. ಫೈಬರ್ ವಿದ್ಯುತ್ತನ್ನು ಒಯ್ಯದು. ಮನೆಯಲ್ಲಿ ಕರೆಂಟ್ ಹೋದರೆ, ಯುಪಿಎಸ್ ಇಲ್ಲದಿದ್ದಲ್ಲಿ, ಫೋನೂ ಮೌನವಾಗುತ್ತದೆ.

ಎರಡೂ ವ್ಯವಸ್ಥೆಗಳ ಮೂಲ ತತ್ವವೇ ಬೇರೆ. ಹಳೆಯ ಡಿಜಿಟಲ್ ವಿನಿಮಯ ಕೇಂದ್ರವು ಪ್ರತಿ ಕರೆಗೂ ಸೆಕೆಂಡಿಗೆ 64 ಕಿಲೋಬಿಟ್ ಸಾಮರ್ಥ್ಯದ ಹಾದಿಯನ್ನು ಕರೆ ಮುಗಿಯುವವರೆಗೆ ಮೀಸಲಿಡುತ್ತಿತ್ತು. ಸಿ-ಡಾಟ್ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಮೊದಲು ಸ್ಥಾಪನೆಯಾದಾಗ ಹಳ್ಳಿಗಳಿಗೆ ತಲುಪಿದ್ದು ಇಂತಹ ಖಾತರಿಯ ಹಾದಿಯೇ. ಇಂಟರ್‌ನೆಟ್ ಜಾಲದಲ್ಲಿ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿಳಾಸ ಅಂಟಿಸಿ ಕಳುಹಿಸಲಾಗುತ್ತದೆ. ಅವು ವಿಡಿಯೊ, ಇ-ಮೇಲ್‌ಗಳೊಂದಿಗೆ ಒಂದೇ ದಾರಿಯಲ್ಲಿ ಸಾಗುತ್ತವೆ. ತಡವಾಗಿ ಬಂದ ತುಣುಕನ್ನು ಕೈಬಿಡುವುದರಿಂದ ಮಾತು ತುಂಡುತುಂಡಾಗಿ ಕೇಳಿಸುತ್ತದೆ. ಪ್ರತ್ಯೇಕ ಹಾದಿ ಬೇಕಿಲ್ಲದ್ದರಿಂದ ವೆಚ್ಚ ಕಡಿಮೆ. ಅಮೆರಿಕದಲ್ಲಿರುವ ಮಗನೊಡನೆ ಮೈಸೂರಿನ ತಾಯಿ ಐಎಸ್‌ಡಿ ದರದ ಭಯವಿಲ್ಲದೆ ಗಂಟೆಗಟ್ಟಲೆ ಮಾತನಾಡುವುದು ಇದರಿಂದಲೇ ಸಾಧ್ಯವಾಗಿದೆ.

ಆದರೆ ಇಂಟರ್‌ನೆಟ್ ಕರೆಗಳೆಲ್ಲವೂ ಒಂದೇ ಅಲ್ಲ. 2016ರಲ್ಲಿ ಸೇವೆ ಆರಂಭಿಸಿದ ಜಿಯೋದಂತಹ 4ಜಿ ಜಾಲಗಳಲ್ಲಿಯೂ ಧ್ವನಿ ತುಣುಕುಗಳಾಗಿಯೇ ಸಾಗುತ್ತದೆ. ಆದರೆ ಕಂಪನಿ ತನ್ನ ಜಾಲದೊಳಗೆ ಅದಕ್ಕೆ ಆದ್ಯತೆ ನೀಡುತ್ತದೆ. ವಾಟ್ಸ್‌ಆಪ್ ಕರೆ ಮುಕ್ತ ಇಂಟರ್‌ನೆಟ್‌ನಲ್ಲಿ ಸಾಗುವುದರಿಂದ ಗುಣಮಟ್ಟಕ್ಕೆ ಯಾರೂ ಹೊಣೆಯಲ್ಲ. ಅದರಿಂದ 112ಕ್ಕೆ ಕರೆ ಮಾಡುವುದೂ ಅಸಾಧ್ಯ.

ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ ಸೀಮಿತ ಅನುಮತಿ ದೊರೆತದ್ದು 2002ರ ಏಪ್ರಿಲ್‌ನಲ್ಲಿ. ದೇಶದೊಳಗಿನ ಸಾಮಾನ್ಯ ಫೋನ್‌ಗಳಿಗೂ ಆಪ್ ಮೂಲಕ ಕರೆ ಮಾಡುವ ಸೇವೆಗೆ ಪರವಾನಗಿ ಪಡೆದ ಕಂಪನಿಗಳಿಗೆ ಹಾದಿ ಸುಗಮವಾದದ್ದು 2018ರಲ್ಲಿ. ಚರ್ಚೆ ಬಹುತೇಕ ಸುತ್ತಿದ್ದು ಪರವಾನಗಿ, ಶುಲ್ಕ ಮತ್ತು ಆದಾಯ ಹಂಚಿಕೆಯ ಸುತ್ತ.

ಇತರ ದೇಶಗಳ ಅನುಭವ ಬೇರೆ ಪ್ರಶ್ನೆಯನ್ನು ಮುಂದಿಡುತ್ತದೆ. ಇಂಟರ್‌ನೆಟ್ ಫೋನನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ್ದರಿಂದ ಸಂಖ್ಯೆ ನೋಡಿ ಸ್ಥಳ ತಿಳಿಯಲಾಗದು. ಹಾಗಾಗಿ ಸಾಮಾನ್ಯ ಫೋನ್‌ಗಳೊಂದಿಗೆ ಸಂಪರ್ಕ ಕಲ್ಪಿಸುವ ಇಂಟರ್‌ನೆಟ್ ಸೇವೆಗಳು 911 ತುರ್ತು ಕರೆಯನ್ನು ಒದಗಿಸಬೇಕು, ಗ್ರಾಹಕರ ವಿಳಾಸವನ್ನೂ ದಾಖಲಿಸಿಕೊಳ್ಳಬೇಕು ಎಂದು ಅಮೆರಿಕ 2005ರಲ್ಲಿ ಆದೇಶಿಸಿತು. ಬ್ರಿಟನ್ ತನ್ನ ಹಳೆಯ ದೂರವಾಣಿ ಜಾಲವನ್ನು 2025ರ ಡಿಸೆಂಬರ್‌ನಲ್ಲಿ ಮುಚ್ಚಲಿತ್ತು. ವೃದ್ಧರು ನೆರವು ಕೋರಲು ಬಳಸುವ ಮನೆಯ ಸಾಧನಗಳು ಹೊಸ ಜಾಲಕ್ಕೆ ಬದಲಾದಾಗ ಕೈಕೊಟ್ಟ ಗಂಭೀರ ಪ್ರಕರಣಗಳು 2023ರಲ್ಲಿ ಬೆಳಕಿಗೆ ಬಂದವು. ಬಲವಂತದ ಬದಲಾವಣೆಗೆ ತಡೆ ಬಿತ್ತು. ಗಡುವನ್ನು 2027ರ ಜನವರಿಗೆ ಮುಂದೂಡಲಾಯಿತು. ಸ್ಥಿರ ದೂರವಾಣಿಯನ್ನೇ ನಂಬಿದವರಿಗೆ ವಿದ್ಯುತ್ ಹೋದರೂ ಕನಿಷ್ಠ ಒಂದು ಗಂಟೆ ತುರ್ತು ಕರೆಯ ಸೌಲಭ್ಯ ಇರಬೇಕೆಂಬುದು ಅಲ್ಲಿನ ನಿಯಂತ್ರಕರ ನಿಲುವು.

ನಮ್ಮಲ್ಲಿ ಬಹುತೇಕರ ಕೈಯಲ್ಲಿ ಮೊಬೈಲ್ ಇದೆ ಎಂಬ ಸಮಾಧಾನ ಸಾಲದು. ಟವರಿನ ಬ್ಯಾಟರಿಗೂ ಮಿತಿಯಿದೆ. ಮಲೆನಾಡಿನ ಕಣಿವೆಗಳಲ್ಲಿ ಸಿಗ್ನಲ್ಲೇ ದುರ್ಲಭ. ಫೈಬರ್ ಸಂಪರ್ಕ ಕೊಡುವಾಗಲೇ ವಿದ್ಯುತ್ ಹೋದರೆ ಫೋನ್ ನಿಲ್ಲುತ್ತದೆಂದು ಗ್ರಾಹಕರಿಗೆ ತಿಳಿಸುವುದು, ಒಂಟಿ ವೃದ್ಧರ ಮನೆಗೆ ಬ್ಯಾಟರಿ ಒದಗಿಸುವುದು ಕಂಪನಿಗಳಿಗೆ ಭಾರಿ ಹೊರೆಯೇನೂ ಅಲ್ಲ. ತಾಮ್ರದ ತಂತಿಯೊಡನೆ ಅದು ಹೊತ್ತಿದ್ದ ಹೊಣೆಯೂ ಹೋಗಬಾರದು.