ಕಚ್ಚಲ್ಲ ಅಂತಾರೆ ಸರಿ, ಕೂದಲಿನ ವಿಷಯ ಯಾಕೆ ಹೇಳಲ್ಲ?

ಮನೆಯ ಮೂಲೆಯಲ್ಲಿ ಜೇಡರ ಬಲೆ ಕಂಡರೆ ಪೊರಕೆ ಹುಡುಕುವ ಜನ ನಾವು. ದುಡ್ಡು ಕೊಟ್ಟು ಜೇಡ ತಂದು, ಅದಕ್ಕೊಂದು ಗಾಜಿನ ಮನೆ ಮಾಡಿ, ವಾರಕ್ಕೊಮ್ಮೆ ಜಿರಳೆಯನ್ನೋ ಕ್ರಿಕೆಟ್ ಹುಳುವನ್ನೋ ಊಟಕ್ಕೆ ಹಾಕಿ ಸಾಕುವವರೂ ಇದ್ದಾರೆ ಅಂತ ಊರಲ್ಲಿ ಹೇಳಿದರೆ ನನ್ನನ್ನೇ ಒಂಥರಾ ನೋಡುತ್ತಾರೆ :-) ಆದರೆ ನಾನಿರುವ ಟೆಕ್ಸಸ್ಸಿನಲ್ಲಿ ಇದೇನೂ ವಿಚಿತ್ರವಲ್ಲ. ಪೆಟ್ ಅಂಗಡಿಯಲ್ಲಿ ಮೀನು, ಗಿಳಿ, ಹ್ಯಾಮ್‌ಸ್ಟರ್‌ಗಳ ಸಾಲು ದಾಟಿದರೆ ಅಂಗೈಯಗಲದ, ಮೈತುಂಬಾ ರೋಮವಿರುವ ಟರಾಂಟುಲಾ ತಣ್ಣಗೆ ಕೂತಿರುತ್ತದೆ. ಬೆಂಗಳೂರಿನಲ್ಲೂ ಇಂಥ ಹವ್ಯಾಸದವರು ಇದ್ದಾರೆ. ಅಂಗೈ ಮೇಲೆ ಜೇಡ ಕೂರಿಸಿಕೊಂಡ ಫೋಟೋಗಳನ್ನು ನೀವೂ ನೋಡಿರುತ್ತೀರಿ.

ಆ ಫೋಟೋಗಳ ಕೆಳಗೆ ಯಾವಾಗಲೂ ಒಂದೇ ಮಾತು. "ಹೆದರಬೇಡಿ, ಇದು ಕಚ್ಚೋದೇ ಅಪರೂಪ. ಕಚ್ಚಿದರೂ ಜೇನುಹುಳ ಚುಚ್ಚಿದಷ್ಟೇ." ಅಂಗಡಿಯವರು ಹೇಳುವುದೂ ಇದನ್ನೇ. ಮಾತು ಸುಳ್ಳಲ್ಲ. ನನ್ನ ತಕರಾರು ಇರುವುದು ಆ ಮಾತು ಅಲ್ಲಿಗೇ ನಿಂತುಬಿಡುತ್ತದಲ್ಲ, ಅದರ ಬಗ್ಗೆ. ಸಾಕುವವರಿಗೆ ನಿಜಕ್ಕೂ ಕಾಟ ಕೊಡುವುದು ಹೆಚ್ಚಾಗಿ ಹಲ್ಲಲ್ಲ, ಕೂದಲು.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಉತ್ತರ ಮತ್ತು ದಕ್ಷಿಣ ಅಮೆರಿಕದ ಹೆಚ್ಚಿನ ಟರಾಂಟುಲಾಗಳ ಹೊಟ್ಟೆಯ ಮೇಲೆ ಒಂದು ವಿಶೇಷ ಬಗೆಯ ಸಣ್ಣ ಕೂದಲಿರುತ್ತದೆ. ಒಂದೊಂದು ಕೂದಲಿಗೂ ಗಾಳದ ಮುಳ್ಳಿನಂಥ ಕೊಕ್ಕೆಗಳು. ಯಾರಾದರೂ ಹತ್ತಿರ ಬಂದು ಕೆಣಕಿದರೆ ಜೇಡ ಅವರಿಗೆ ಬೆನ್ನು ತಿರುಗಿಸಿ, ಹಿಂಗಾಲಿನಿಂದ ಹೊಟ್ಟೆಯನ್ನು ಪರಪರ ಕೆರೆಯುತ್ತದೆ. ಕೂದಲು ಕಿತ್ತು ಧೂಳಿನ ಹಾಗೆ ಗಾಳಿಗೆ ಏಳುತ್ತದೆ. ಇಲಿಯೋ ಹೆಗ್ಗಣವೋ ಮೂಗು ತೂರಿಸಿದ್ದರೆ ಸೀನುತ್ತಾ ಓಡಬೇಕು, ಅದಕ್ಕಾಗಿ ಇರುವ ಅಸ್ತ್ರ ಇದು. ನಮ್ಮ ಚರ್ಮಕ್ಕೆ ಬಿದ್ದರೆ ನಾಟಿಕೊಳ್ಳುತ್ತದೆ. ಕೊಕ್ಕೆ ಇರುವುದರಿಂದ ಉಜ್ಜಿದಷ್ಟೂ ಒಳಗೆ ಹೋಗುತ್ತದೆಯೇ ಹೊರತು ಆಚೆ ಬರುವುದಿಲ್ಲ. ಆಮೇಲೆ ಕೆಂಪು, ಗುಳ್ಳೆ, ತುರಿಕೆ. ಕೆಲವರಿಗೆ ಒಂದೆರಡು ಗಂಟೆ, ಕೆಲವರಿಗೆ ವಾರಗಟ್ಟಲೆ.

ಈ ಕೂದಲಿನಲ್ಲೂ ಜಾತಿಗಳಿವೆ ನೋಡಿ. 1972ರಲ್ಲಿ ಕುಕ್, ರಾತ್ ಮತ್ತು ಮಿಲ್ಲರ್ ಎಂಬ ಸಂಶೋಧಕರು ನಾಲ್ಕು ಬಗೆ ಗುರುತಿಸಿದರು. ಈಗ ಅದು ಏಳಕ್ಕೆ ಬಂದಿದೆ. ಏಳನೆಯದು ಸಿಕ್ಕಿದ್ದು 2016ರಲ್ಲಿ, ಕೊಲಂಬಿಯಾದ ಒಂದು ಜೇಡದ ಮೈಮೇಲೆ. ಕೆಲವು ಬಗೆಯವು ಚರ್ಮದ ಮೇಲ್ಪದರಕ್ಕಷ್ಟೇ ತಾಗುತ್ತವೆ. ಮೂರನೇ ಬಗೆಯದ್ದು ಎರಡು ಮಿಲಿಮೀಟರ್‌ವರೆಗೂ ಇಳಿಯಬಲ್ಲದು. ಜಗತ್ತಿನ ಅತಿ ಭಾರದ ಜೇಡ ಗೋಲಿಯಾತ್ ಬರ್ಡ್ ಈಟರ್ ಹತ್ತಿರ ಇರುವುದು ಇದೇ ಬಗೆ. ಪಿಂಕ್ ಟೋ ಜಾತಿಯ ಜೇಡಗಳು ಕೂದಲನ್ನು ಗಾಳಿಗೆ ಎಸೆಯುವುದಿಲ್ಲ, ಮೈಗೆ ಮೈ ತಾಗಿಸಿ ನೇರವಾಗಿ ಒತ್ತುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಭಾರತದ ಟರಾಂಟುಲಾಗಳಿಗೆ ಈ ಕೂದಲು ಇಲ್ಲ! ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿರುವ ಪೊಸಿಲೊಥೀರಿಯಾ ಗುಂಪಿನವು, ಆಂಧ್ರದ ಗುತ್ತಿಯ ಹೆಸರು ಹೊತ್ತ ಆ ನೀಲಿ ಬಣ್ಣದ ಸುಂದರಿ, ಆಫ್ರಿಕಾದ ಬಬೂನ್ ಜೇಡಗಳು, ಯಾವುದಕ್ಕೂ ಇಲ್ಲ. ಅವು ಮಿಂಚಿನ ಹಾಗೆ ಓಡುತ್ತವೆ, ದಾರಿ ಸಿಗದಿದ್ದರೆ ಕಚ್ಚುತ್ತವೆ. ಪೊಸಿಲೊಥೀರಿಯಾ ಕಚ್ಚಿದರೆ ಸ್ನಾಯುಗಳು ಹಿಡಿದುಕೊಂಡು ದಿನಗಟ್ಟಲೆ ನರಳಬೇಕಾಗಬಹುದು. ಹಾಗಾಗಿ ಹೊಸಬರಿಗೆ ಇವು ಬೇಡ ಅಂತ ಅನುಭವಿಗಳೇ ಹೇಳುತ್ತಾರೆ. ಹೊಸಬರಿಗೆ ಅವರು ಸೂಚಿಸುವುದು ಚಿಲಿಯನ್ ರೋಸ್, ಮೆಕ್ಸಿಕನ್ ರೆಡ್‌ನೀ, ಕರ್ಲಿ ಹೇರ್ ಇಂಥವನ್ನು. ನಿಧಾನ ಸ್ವಭಾವ, ವಿಷ ಕಡಿಮೆ. ಮತ್ತು ಇವೆಲ್ಲವೂ ಅಮೆರಿಕ ಖಂಡದವು, ಎಲ್ಲಕ್ಕೂ ಆ ಕೂದಲಿದೆ.

ಅಂದರೆ ಏನಾಯಿತು? "ನಿರಪಾಯಕಾರಿ" ಅನ್ನುವ ಹಣೆಪಟ್ಟಿ ಹಚ್ಚಿರುವುದು ಹಲ್ಲಿನ ಲೆಕ್ಕದಲ್ಲಿ ಮಾತ್ರ. ಚರ್ಮದ ಲೆಕ್ಕದಲ್ಲಿ ನೋಡಿದರೆ, ಮೊದಲ ಬಾರಿ ಜೇಡ ಸಾಕುವವನ ಕೈಗೆ ನಾವು ಕೊಡುತ್ತಿರುವುದು ಕೂದಲು ಎಸೆಯುವ ಜಾತಿಯನ್ನೇ. ಅವು ಕಚ್ಚದೇ ಇರಲು ಸ್ವಭಾವ ಒಳ್ಳೆಯದು ಅನ್ನುವುದಷ್ಟೇ ಕಾರಣವಲ್ಲ. ಕಚ್ಚುವ ಹಂತಕ್ಕೆ ಹೋಗುವ ಮೊದಲೇ ಬಳಸಲು ಅವುಗಳ ಹತ್ತಿರ ಇನ್ನೊಂದು ಅಸ್ತ್ರ ಇದೆ.

ಇದರಲ್ಲಿ ಒಂದು ತಮಾಷೆಯೂ ಇದೆ. ನಮ್ಮ ಕಡೆ ಬೆಳಿಗ್ಗೆ ಎದ್ದಾಗ ಕುತ್ತಿಗೆ ಮೇಲೆ ಸುಟ್ಟ ಹಾಗೆ ಬರೆ ಎದ್ದಿದ್ದರೆ "ಜೇಡ ಉಚ್ಚೆ ಹೊಯ್ದಿದೆ" ಅನ್ನುತ್ತಾರೆ. ಪಾಪ, ಜೇಡಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ದೀಪದ ಬೆಳಕಿಗೆ ಬರುವ ಪೀಡರಸ್ ಎಂಬ ಸಣ್ಣ ದುಂಬಿಯನ್ನು ನಿದ್ದೆಗಣ್ಣಲ್ಲಿ ಮೈಮೇಲೆ ಅರೆದುಬಿಟ್ಟರೆ ಅದರ ರಸದಿಂದ ಹೀಗಾಗುವುದುಂಟು. ಮಾಡದ ತಪ್ಪಿಗೆ ನಮ್ಮ ಜೇಡಕ್ಕೆ ಕೆಟ್ಟ ಹೆಸರು, ನಿಜವಾಗಿ ತುರಿಸುವ ಜೇಡಕ್ಕೆ ನಿರಪಾಯಕಾರಿ ಎಂಬ ಬಿರುದು!

ಇರಲಿ. ಇಷ್ಟೆಲ್ಲ ಕೊರೆಯೋಕೆ ಕಾರಣ ಇಲ್ಲಿ ನನ್ನ ಪರಿಚಯದ ಒಂದು ಮನೆಯಲ್ಲಿ ನಡೆದದ್ದು. ಹೈಸ್ಕೂಲಿಗೆ ಹೋಗುವ ಹುಡುಗ, ಹುಟ್ಟುಹಬ್ಬಕ್ಕೆ ಚಿಲಿಯನ್ ರೋಸ್ ಕೊಡಿಸಿಕೊಂಡಿದ್ದ. ತೀರ್ಥಹಳ್ಳಿ ಕಡೆಯ ಅವನ ಅಜ್ಜಿ ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಕೈಕಟ್ಟಿ ಕೂರುವ ಜಾಯಮಾನದವರಲ್ಲ. ಮೊಮ್ಮಗ ಸ್ಕೂಲಿಗೆ ಹೋದ ಮೇಲೆ ಅವನ ರೂಮು ಗುಡಿಸಿದರು, ಗಾಜಿನ ಪೆಟ್ಟಿಗೆಯ ಮುಚ್ಚಳ ಒರೆಸಿದರು, ಹುಡುಗ ಮೇಜಿನ ಮೇಲೆ ಜೋಪಾನವಾಗಿಟ್ಟಿದ್ದ ಜೇಡನ ಪೊರೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಜೇಡವನ್ನು ಮುಟ್ಟಲೇ ಇಲ್ಲ. ಸಂಜೆ ಹೊತ್ತಿಗೆ ಎರಡೂ ಮುಂಗೈ, ಕುತ್ತಿಗೆ ತುಂಬ ಗುಳ್ಳೆ.

"ಕಂಬಳಿಹುಳ ತಾಗಿದ ಹಾಗೇ ಇದೆ ಕಣೇ" ಅಂದರಂತೆ ಮಗಳ ಹತ್ತಿರ.

"ಡಿಸೆಂಬರಲ್ಲಿ, ಈ ಅಪಾರ್ಟ್‌ಮೆಂಟಲ್ಲಿ ಕಂಬಳಿಹುಳ ಎಲ್ಲಿಂದ ಬರುತ್ತಮ್ಮಾ?"

ಡಾಕ್ಟರ್ ಹತ್ತಿರ ಹೋದರು. ಹೊಸ ಸೋಪು? ಬಟ್ಟೆ ಒಗೆಯುವ ಪುಡಿ? ತಿಂಡಿ? ಮನೆಯಲ್ಲಿ ನಾಯಿ, ಬೆಕ್ಕು? ಎಲ್ಲಕ್ಕೂ ಇಲ್ಲ ಅಂದರು. ನಾಯಿ ಬೆಕ್ಕು ಕೇಳಿದವರಿಗೆ ಜೇಡದ ಬಗ್ಗೆ ಹೇಳಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತದೆ? ಒಂದು ಕ್ರೀಮು ಬಂತು, ಗುಳ್ಳೆ ಇಳಿಯಿತು, ಮತ್ತೆ ಎದ್ದಿತು. ಮೂರು ವಾರ ಆದ ಮೇಲೆ ಅಜ್ಜಿಯೇ, "ಆ ಹುಡುಗನ ರೂಮಿಗೆ ಹೋದಾಗಲೇ ಆಗೋದು ನೋಡು" ಅಂದರು.

ಮೊದಲ ದಿನ ಅಜ್ಜಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಕಂಬಳಿಹುಳದ್ದೂ ಕೂದಲಿನದೇ ಕಾಟ, ಇದೂ ಕೂದಲಿನದೇ. ಬಿಟ್ಟ ಪೊರೆಯಲ್ಲೂ, ಪೆಟ್ಟಿಗೆಯ ಮಣ್ಣಿನಲ್ಲೂ, ಮುಚ್ಚಳದ ಅಂಚಿನಲ್ಲೂ ಆ ಕೂದಲು ಉಳಿದಿರುತ್ತದೆ. ಜೇಡ ಎದುರಿಗೆ ಇರಬೇಕಾಗಿಯೇ ಇಲ್ಲ. ನನಗೆ ಬೇಜಾರಾದದ್ದು ಬೇರೆ. ಹುಡುಗನಿಗೆ ಕೂದಲಿನ ವಿಷಯ ಗೊತ್ತಿತ್ತು, ತಾನು ಪೆಟ್ಟಿಗೆ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳುತ್ತಿದ್ದ. ಅಜ್ಜಿಗೆ ಹೇಳಬೇಕು ಅನ್ನುವುದು ಮಾತ್ರ ಯಾರ ತಲೆಗೂ ಬಂದಿರಲಿಲ್ಲ. ಹವ್ಯಾಸ ಒಬ್ಬರದು, ತುರಿಕೆ ಇನ್ನೊಬ್ಬರದು. ಮನೆಯ ಕಸ ಗುಡಿಸುವವರು, ಮಂಚದ ಕೆಳಗೆ ಅಂಬೆಗಾಲಿಡುವ ಮಗು, ಕೆಲಸಕ್ಕೆ ಬರುವ ಹೆಂಗಸು, ಇವರ್‍ಯಾರೂ ಜೇಡವನ್ನು ಆರಿಸಿಕೊಂಡವರಲ್ಲ.

ಚರ್ಮದ ತುರಿಕೆಯಾದರೆ ಹಾಳಾಗಿ ಹೋಗಲಿ, ನಾಲ್ಕು ದಿನ ಕೆರೆದುಕೊಂಡು ಸುಮ್ಮನಾಗಬಹುದು. ಕಣ್ಣಿಗೆ ಹೋದರೆ ಕಥೆ ಬೇರೆ. ಇಂಗ್ಲೆಂಡಿನ ಲೀಡ್ಸ್ ನಗರದ ವೈದ್ಯರು 2010ರ ಆರಂಭದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಕರಣ ಬರೆದಿದ್ದರು. 29 ವರ್ಷದ ಯುವಕ, ಮೂರು ವಾರದಿಂದ ಕಣ್ಣು ಕೆಂಪು, ನೀರು, ಬೆಳಕು ನೋಡಲಾಗದು. ಮದ್ರಾಸ್ ಐ ಥರದ ಸೋಂಕು ಅಂದುಕೊಂಡು ಆಂಟಿಬಯಾಟಿಕ್ ಕೊಟ್ಟಿದ್ದರೂ ಗುಣವಾಗಿರಲಿಲ್ಲ. ಹೆಚ್ಚು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದರೆ ಕಾರ್ನಿಯಾದಲ್ಲಿ ಕೂದಲಿನಂಥ ಎಳೆಗಳು ನೆಟ್ಟಿವೆ! ಆಗ ಅವನಿಗೆ ನೆನಪಾಯಿತು. ಮೂರು ವಾರದ ಹಿಂದೆ ತನ್ನ ಚಿಲಿಯನ್ ರೋಸ್ ಇರುವ ಪೆಟ್ಟಿಗೆಯಲ್ಲಿ ಒಂದು ಕಲೆ ತಿಕ್ಕುತ್ತಿದ್ದಾಗ ಏನೋ ಅಲುಗಾಡಿದಂತಾಗಿ ತಿರುಗಿದ್ದ, ಮಂಜಿನ ಹಾಗೆ ಕೂದಲು ಮುಖಕ್ಕೆ ರಾಚಿತ್ತು. ಎಳೆಗಳು ಎಷ್ಟು ಸಣ್ಣವೆಂದರೆ ಅತಿ ಸೂಕ್ಷ್ಮ ಚಿಮುಟಕ್ಕೂ ಸಿಗಲಿಲ್ಲ. ಸ್ಟೀರಾಯ್ಡ್ ಹನಿಗಳಿಂದ ಉರಿಯೂತ ಇಳಿಸಬೇಕಾಯಿತು. ತಿಂಗಳುಗಳ ನಂತರವೂ ಕಣ್ಣ ಮುಂದೆ ಚುಕ್ಕಿ ತೇಲುವುದು ಪೂರ್ತಿ ಹೋಗಿರಲಿಲ್ಲ. ಈ ಕಾಯಿಲೆಗೆ ಆಫ್ಥಾಲ್ಮಿಯಾ ನೋಡೋಸಾ ಅಂತ ಹೆಸರು. ಕುತೂಹಲದ ಸಂಗತಿ ಅಂದರೆ 1904ರಲ್ಲೇ ಬಳಕೆಗೆ ಬಂದ ಈ ಹೆಸರನ್ನು ಇಟ್ಟದ್ದು ಕಂಬಳಿಹುಳದ ಕೂದಲಿನಿಂದ ಆಗುವ ಕಣ್ಣಿನ ತೊಂದರೆಗೆ. ಮತ್ತೆ ಅಜ್ಜಿಯ ಮಾತಿಗೇ ಬಂದೆವು ನೋಡಿ.

ಹವ್ಯಾಸದವರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿರುತ್ತಾರೆ. "ನಾಯಿ ಕಚ್ಚಿ ಎಷ್ಟು ಜನ ಸಾಯ್ತಾರೆ, ಬೆಕ್ಕಿನ ಕೂದಲಿಗೆ ಎಷ್ಟು ಜನಕ್ಕೆ ಅಲರ್ಜಿ, ನಮ್ಮ ಜೇಡ ಏನು ಮಹಾ ಮಾಡೀತು?" ಒಪ್ಪುತ್ತೇನೆ. ರೇಬೀಸ್ ಇರುವ ದೇಶದಿಂದ ಬಂದ ನಾನು ನಾಯಿಗಿಂತ ಜೇಡ ಅಪಾಯ ಅಂತ ವಾದ ಮಾಡಲಾರೆ. ಆದರೆ ನಾಯಿ ಕಚ್ಚುತ್ತದೆ ಅಂತ ಮನೆಗೆ ಬಂದ ನೆಂಟರಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ಜೇಡದ ಕೂದಲು ಹಾರುತ್ತದೆ ಅಂತ ಯಾರಿಗೆ ಗೊತ್ತು? ಗೊತ್ತಿರುವ ಸಣ್ಣ ಅಪಾಯಕ್ಕಿಂತ ಗೊತ್ತಿಲ್ಲದ ಸಣ್ಣ ಅಪಾಯ ಹೆಚ್ಚು ದಿನ ಕಾಡುತ್ತದೆ. ಅದರ ಜೊತೆಗೆ, ಮೊದಮೊದಲು ಏನೂ ಆಗದವರಿಗೂ ಪದೇ ಪದೇ ತಾಗಿದ ಮೇಲೆ ತುರಿಕೆ ಜೋರಾಗಿದ್ದನ್ನು ವರ್ಷಗಟ್ಟಲೆ ಸಾಕಿದವರೇ ಹೇಳಿಕೊಳ್ಳುತ್ತಾರೆ. "ನನಗೇನೂ ಆಗಲ್ಲ" ಅನ್ನುವುದು ಇವತ್ತಿನ ಮಾತು ಅಷ್ಟೇ.

ಇನ್ನು ಜೇಡನ ಕಡೆಯಿಂದಲೂ ಸ್ವಲ್ಪ ನೋಡಬೇಕಲ್ಲ. ಕಿತ್ತ ಕೂದಲು ಮತ್ತೆ ಬರುವುದು ಮುಂದಿನ ಸಲ ಪೊರೆ ಬಿಟ್ಟಾಗಲೇ. ದೊಡ್ಡ ಜೇಡ ಪೊರೆ ಬಿಡುವುದು ವರ್ಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ. ಮೆಕ್ಸಿಕನ್ ರೆಡ್‌ನೀ ಹೆಣ್ಣು 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ದೀರ್ಘ ಬದುಕಿಗೆ ಅದು ಮೈಮೇಲೆ ಹೊತ್ತಿರುವ ರಕ್ಷಣೆಯನ್ನು ನಾವು ಒಂದು ಫೋಟೋಗೆ ಖರ್ಚು ಮಾಡಿಸುತ್ತೇವೆ. ಸಾಕಿದ ಜೇಡನ ಹೊಟ್ಟೆಯ ಮೇಲೆ ಬೋಳು ಮಚ್ಚೆ ಕಂಡರೆ ಅದು ಮತ್ತೆ ಮತ್ತೆ ಹೆದರಿದೆ ಅಂತ ಅನುಮಾನಪಡಬೇಕು. ಬೇಡ, ಬಿಡು ಅಂತ ಹೇಳಲು ಅದಕ್ಕಿರುವುದು ಅದೊಂದೇ ಭಾಷೆ. ನಾಯಿಗೆ ನಮ್ಮ ಕೈ ಬೇಕು, ಬಾಲ ಅಲ್ಲಾಡಿಸಿ ಹೇಳುತ್ತದೆ. ಜೇಡಕ್ಕೆ ನಮ್ಮ ಅಂಗೈ ಬರೀ ಬಿಸಿಯಾದ ಒಂದು ನೆಲ. ಅಲ್ಲಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುವುದೂ ಉಂಟು.

ಹಾಗಂತ ಸಾಕಲೇಬೇಡಿ, ನಿಷೇಧಿಸಿ ಅಂತ ಕೂಗಲು ಈ ಬರಹ ಅಲ್ಲ. ಭಾರತದಲ್ಲಿ 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ, 2024ರ ನೋಂದಣಿ ನಿಯಮಗಳ ಪ್ರಕಾರ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಿಂದ ನಮ್ಮ ಕಾಯ್ದೆಗೆ ಸೇರಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಲೆಕ್ಕ ಕೊಡಬೇಕು. ರೆಡ್‌ನೀ ಗುಂಪಿನ ಜೇಡಗಳು ಆ ಒಪ್ಪಂದದಲ್ಲಿವೆ. ಒಳ್ಳೆಯದೇ. ಆದರೆ ಕಾನೂನು ಪ್ರಾಣಿಯ ಲೆಕ್ಕ ಇಡುತ್ತದೆ, ಅದರ ಕೂದಲಿನ ಲೆಕ್ಕ ನಾವೇ ಇಡಬೇಕು.

ನಾನು ಕೇಳುವುದು ಇಷ್ಟೇ. ಮಾರುವವರು "ಕಚ್ಚಲ್ಲ" ಅಂದ ಉಸಿರಲ್ಲೇ "ಕೂದಲು ಎಸೆಯುತ್ತೆ" ಅಂತಲೂ ಹೇಳಲಿ. ಸಾಕುವವರು ಪೆಟ್ಟಿಗೆಗೆ ಕೈ ಹಾಕುವಾಗ ಗ್ಲೌಸ್, ತುಂಬುತೋಳು, ಕಣ್ಣಿಗೆ ಕನ್ನಡಕ ಹಾಕಲಿ, ಮುಖವನ್ನು ದೂರ ಇಡಲಿ. ಹಳೆ ಮಣ್ಣು, ಪೊರೆಗಳನ್ನು ತಾವೇ ವಿಲೇವಾರಿ ಮಾಡಲಿ, ಮನೆಯ ಎಲ್ಲರಿಗೂ, ಮುಖ್ಯವಾಗಿ ಗುಡಿಸಿ ಒರೆಸುವವರಿಗೆ, ವಿಷಯ ಹೇಳಲಿ. ಕೈಗೆ ತಾಗಿದರೆ ಕೆರೆಯದೆ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಆಮೇಲೆ ನೀರಲ್ಲಿ ತೊಳೆಯಿರಿ. ತುರಿಕೆ ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ. ಕಣ್ಣಿಗೆ ಬಿದ್ದರೆ ಉಜ್ಜಲೇಬೇಡಿ, ನೀರು ಹಾಕಿ ತೊಳೆದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹೋದಾಗ ಅವರು ಕೇಳದಿದ್ದರೂ "ಮನೇಲಿ ಜೇಡ ಇದೆ" ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಮೂರು ವಾರ ಉಳಿಸುತ್ತದೆ.

ಅಂಗೈ ಮೇಲೆ ಕೂರಿಸಿಕೊಂಡ ಫೋಟೋ ಹಾಕುವ ಗೆಳೆಯರು ನಿಮ್ಮಲ್ಲೂ ಇದ್ದರೆ ಒಂದು ಮಾತು ಹೇಳಿ ನೋಡಿ: ಗಾಜಿನ ಆಚೆ ಇಟ್ಟು ತೆಗೆದರೂ ಟರಾಂಟುಲಾ ಅಷ್ಟೇ ಚೆನ್ನಾಗಿ ಕಾಣುತ್ತದೆ. ಸಾಕಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಅನುಭವ ಬರೆಯಿರಿ, ಬೈಯೋದಿದ್ದರೂ ಸರಿ :-)